ಕಾಗೆಯಿಲ್ಲದ ಕಾಡು

ಚೆನ್ನಯ್ಯನವರೂ ಅವರ ಭಾವ ರವಿರಾಜರೂ ಮಾತು ಬಿಟ್ಟು ಮೂರು ವರ್ಷವಾಗಿತ್ತು. ಆದರೆ ಒಂದೇ ಕಾರಿನಲ್ಲಿ ಹೋಗುವುದನ್ನು ಮಾತ್ರ ಅವರು ಬಿಟ್ಟಿರಲಿಲ್ಲ. ರವಿರಾಜರು ಕಾರು ನಡೆಸುವರು. ಚೆನ್ನಯ್ಯನವರು ಪಕ್ಕದಲ್ಲಿ ಕುಳಿತು ದಾರಿ ಹೇಳುವರು. ಹೇಳುವುದು ಹಿಂದಿನ ಸೀಟಿನಲ್ಲಿರುವ ನನಗೆ.

"ಭಟ್ರೇ, ಯಡ್ತರೆ ಹತ್ರ ಬಲಕ್ಕೆ ತಿರ್ಗುಕೆ ಹೇಳಿ ಅವ್ರಿಗೆ."

"ಭಟ್ರೇ, ಈ ರಸ್ತೆ ನಂಗೆ ಹೊಸ್ತಲ್ಲ ಅಂದೇಳಿ ಅವ್ರಿಗೆ."

ನಾನು ಎರಡನ್ನೂ ಹೇಳಬೇಕಾದವರಿಗೆ ಹೇಳಿದೆ. ಮಾತು ಇಬ್ಬರ ಕಿವಿಗೂ ಮೊದಲೇ ಬಿದ್ದಿರುತ್ತಿತ್ತು. ಆದರೂ ನನ್ನ ಬಾಯಿಯಿಂದ ಮತ್ತೊಮ್ಮೆ ಹೊರಟು ಶುದ್ಧಿಯಾಗದ ಹೊರತು ಅದು ತಲುಪಿತೆಂದು ಅವರಲ್ಲಿ ಒಬ್ಬರೂ ಒಪ್ಪುತ್ತಿರಲಿಲ್ಲ. ನನ್ನ ಪಕ್ಕದಲ್ಲಿ ಕುಳಿತಿದ್ದ ಶ್ರೀಲತಾ ಕಿಟಕಿಯ ಕಡೆಗೆ ಮುಖ ತಿರುಗಿಸಿ ನಗುತ್ತಿದ್ದರು. ಕುಂದಾಪುರದ ಒಂದು ಆಸ್ಪತ್ರೆಯಲ್ಲಿ ದಾದಿಯರ ಮೇಲ್ವಿಚಾರಕಿಯಾಗಿದ್ದು ನಿವೃತ್ತರಾದವರು ಅವರು. ಬಾಯಿ ತೆರೆಯದ ರೋಗಿಗಳನ್ನು ಬಹಳ ಕಂಡಿದ್ದರಿಂದ ಅವರಿಗೆ ಈ ಮೌನ ಅಷ್ಟು ದೊಡ್ಡದೆನಿಸುತ್ತಿರಲಿಲ್ಲ.

ನಮ್ಮ ನಾಲ್ವರ ಪರಿಚಯ ಕೋಡಿಯ ಕಡಲ ಕರೆಯಲ್ಲಿ ಬೆಳಗಿನ ನಡಿಗೆಯಿಂದ ಆದದ್ದು. ಚೆನ್ನಯ್ಯನವರದು ಗಂಗೊಳ್ಳಿಯಲ್ಲಿ ಮೀನಿನ ವ್ಯಾಪಾರ. ರವಿರಾಜರು ಬ್ರಹ್ಮಾವರದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನದ ಅಧ್ಯಾಪಕರು. ಚೆನ್ನಯ್ಯನವರ ತಂಗಿ ವನಜಳ ಗಂಡ. ನಾನು ಬಸ್ರೂರಿನವನು, ಸಂಸ್ಕೃತ ಕಲಿಸಿ ವಿಶ್ರಾಂತನಾದವನು. ನನಗೆ ತಿಳಿದಿದ್ದ ಹಕ್ಕಿಗಳೆಂದರೆ ಬೆಳದಿಂಗಳನ್ನು ಕುಡಿದು ಬದುಕುವ ಚಕೋರ, ನೀರನ್ನು ಬಿಟ್ಟು ಹಾಲನ್ನು ಮಾತ್ರ ಹೀರುವ ಹಂಸ ಇತ್ಯಾದಿ. ಇವುಗಳಲ್ಲಿ ಯಾವುದೂ ಕೋಡಿಗೆ ಬರುವುದಿಲ್ಲವೆಂದು ರವಿರಾಜರು ವಿನಯದಿಂದಲೇ ತಿಳಿಸಿ, ಒಂದು ದುರ್ಬೀನನ್ನು ನನ್ನ ಕೊರಳಿಗೆ ಹಾಕಿದ್ದರು. ಅಂದಿನಿಂದ ನಾವು ನಾಲ್ವರೂ ಹಕ್ಕಿ ನೋಡುವವರಾದೆವು.

ಭಾವಂದಿರ ಜಗಳಕ್ಕೂ ಮೂಲ ಒಂದು ಹಕ್ಕಿಯೇ. ಚೆನ್ನಯ್ಯನವರ ತಂದೆ ಸೂರಜ್ಜ ತೀರಿಕೊಂಡ ಮೇಲೆ ಉತ್ತರಕ್ರಿಯೆಯ ದಿನ ಅಂಗಳದ ಕಟ್ಟೆಯ ಮೇಲೆ ಕಾಗೆಗೆ ಎಲೆಯಿಟ್ಟಿದ್ದರು. ಕಾಗೆ ಮುಟ್ಟದೆ ಮನೆಯವರು ಉಣ್ಣುವಂತಿಲ್ಲ. ಮನೆಯವರು ಉಣ್ಣದೆ ಚಪ್ಪರದಲ್ಲಿ ಕುಳಿತ ನೆಂಟರಿಗೆ ಬಡಿಸುವಂತಿಲ್ಲ. ಒಂದು ಕಾಗೆ ಬಂತು. ಅದರ ರೆಕ್ಕೆಯಲ್ಲಿ ಬಿಳಿಯ ಗರಿಯೊಂದಿತ್ತು. ಅಂಥ ಕಾಗೆ ಅಪರೂಪವಂತೆ. ಅದು ಎಲೆಯ ಅಂಚಿಗೆ ಕೊಕ್ಕು ತಾಗಿಸಬೇಕು ಎನ್ನುವಷ್ಟರಲ್ಲಿ ರವಿರಾಜರ ಕ್ಯಾಮೆರಾ ಕಟಕಟನೆ ಸದ್ದು ಮಾಡಿತು. ಕಾಗೆ ಹಾರಿತು. ಮತ್ತೊಂದು ಕಾಗೆ ಬರುವ ಹೊತ್ತಿಗೆ ಪಾಯಸ ಗಟ್ಟಿಯಾಗಿ, ಬೈಂದೂರಿನಿಂದ ಬಂದ ನೆಂಟರು ಬಸ್ಸಿನ ಹೊತ್ತಾಯಿತೆಂದು ಎದ್ದು ಹೋಗಿದ್ದರು. "ಉಂಬವ್ರ ಮುಖಕ್ಕೆ ಕ್ಯಾಮೆರಾ ಹಿಡೂದಾ ಮಾರಾಯ್ರೆ?" ಎಂದು ಚೆನ್ನಯ್ಯನವರು ಕೇಳಿದ್ದೇ ಅವರು ಭಾವನೊಡನೆ ನೇರವಾಗಿ ಆಡಿದ ಕೊನೆಯ ಮಾತು.

ಮಳೆಗಾಲ ಮುಗಿದ ಮೇಲೆ ಕೊಲ್ಲೂರಿನ ಕಡೆಯ ದಟ್ಟ ಕಾಡಿಗೆ ಹೋಗಬೇಕೆಂಬುದು ರವಿರಾಜರ ಬಹುಕಾಲದ ಹಂಬಲ. ಅಲ್ಲಿ ಬಿಳಿ ಹೊಟ್ಟೆಯ ಮಟಪಕ್ಷಿಯೆಂಬ ಉದ್ದ ಬಾಲದ ಹಕ್ಕಿಯೊಂದು ಇದೆ. ನಮ್ಮ ಘಟ್ಟಗಳ ಕಾಡು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಅವರು ಅದರ ದನಿ ಕೇಳಿದ್ದರು, ಬಾಲ ಕಂಡಿದ್ದರು, ಇಡೀ ಹಕ್ಕಿಯನ್ನು ಕಂಡಿರಲಿಲ್ಲ. ಅರಣ್ಯದವರ ಅನುಮತಿ ಒಂದು ಭಾನುವಾರಕ್ಕೆ ಸಿಕ್ಕಿತು. ಆ ಭಾನುವಾರವೇ ಸೂರಜ್ಜನ ತಿಥಿ.

ಅದರಿಂದ ತೊಡಕಾಗುವುದೆಂದು ಚೆನ್ನಯ್ಯನವರ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ಆ ಮನೆಯ ದೊಡ್ಡ ಕಾರ್ಯಗಳೆಲ್ಲ ಮಹಾಲಯದಲ್ಲಿ ನಡೆಯುತ್ತವೆ. ತಿಥಿಯ ದಿನ ಮಗನು ಎಲ್ಲಿದ್ದರೂ ಉಣ್ಣುವ ಮೊದಲು ಕಾಗೆಗೊಂದು ಎಲೆ ಇಡಬೇಕು, ಕಾಗೆ ಮುಟ್ಟಿದ ಮೇಲೆ ತಾನು ಮುಟ್ಟಬೇಕು, ಇಷ್ಟೇ ಕಟ್ಟಳೆ. ಕಳೆದ ವರ್ಷ ಚೆನ್ನಯ್ಯನವರು ಮುಂಬಯಿಯ ಲಾಡ್ಜಿನ ಕಿಟಕಿಯಲ್ಲಿ ಎಲೆಯಿಟ್ಟಿದ್ದರು. ಕೈಮುಗಿಯುವ ಮೊದಲೇ ಕಾಗೆ ಬಂದಿತ್ತು. ಗಂಗೊಳ್ಳಿಯ ಬಂದರಿನಲ್ಲಂತೂ ಮೀನಿನ ಬುಟ್ಟಿಯಿಂದ ಕಾಗೆಯನ್ನು ಓಡಿಸುವುದಕ್ಕೇ ಒಂದು ಕೈ ಬೇಕು. ಕಾಗೆಯಿಲ್ಲದ ಜಾಗವೊಂದು ಭೂಮಿಯ ಮೇಲಿರಬಹುದೆಂಬುದು ಅಲ್ಲಿ ಹುಟ್ಟಿ ಬೆಳೆದವರ ಊಹೆಗೆ ಬರುವಂಥದ್ದಲ್ಲ.

ಹೊರಡುವಾಗ ಚೆನ್ನಯ್ಯನವರ ಹೆಂಡತಿ ಸುಗುಣ ಬುತ್ತಿಯ ಕ್ಯಾರಿಯರನ್ನು ಕಾರಿನಲ್ಲಿಟ್ಟು ಹೇಳಿದ್ದಳು: "ಅನ್ನ, ಬಂಗ್ಡಿ ಸಾರ್, ವಡೆ ಎಲ್ಲ ಇತ್ತ್. ಭಟ್ರಿಗೆ ಅವಲಕ್ಕಿ ಬೇರೆ ಚೀಲದಲ್ಲಿತ್ತ್. ಮೊದ್ಲ್ ಕಾಕಿಗೆ ಇಡಿ. ಮರೀಬೇಡಿ."

"ಕಾಡಲ್ಲ್ ಕಾಕಿ ಸಿಕ್ಕತ್ತಾ?" ಎಂದು ಶ್ರೀಲತಾ ಕೇಳಿದ್ದರು.

"ಒಳ್ಳೆ ಕಥೆ. ಹಕ್ಕಿ ಕಾಂಬುಕೇ ಹೋಪವ್ರಿಗೆ ಕಾಕಿ ಸಿಕ್ಕುದಿಲ್ಯಾ?" ಎಂದಳು ಸುಗುಣ. ಆ ಮಾತಿಗೆ ಎದುರಾಡುವುದು ನನ್ನ ತರ್ಕಕ್ಕೂ ಆಗಲಿಲ್ಲ.

ಕಾರನ್ನು ರಸ್ತೆಯ ಬದಿಯಲ್ಲಿ ಬಿಟ್ಟು ನಾವು ಕಾಡಿನೊಳಕ್ಕೆ ನಡೆದೆವು. ಮರಗಳ ತಲೆಗಳು ಒಂದಕ್ಕೊಂದು ಹೆಣೆದುಕೊಂಡು ಆಕಾಶವೆಂಬುದು ಅಲ್ಲಲ್ಲಿ ಬಿದ್ದ ಚಿಲ್ಲರೆಯಂತೆ ಕಾಣುತ್ತಿತ್ತು. ಕಾಲಿಗೆ ಇಂಬಳ ಹತ್ತಿದರೆ ಶ್ರೀಲತಾ ಉಪ್ಪು ಹಾಕಿ ಬಿಡಿಸುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ತೊರೆಯೊಂದರ ದಂಡೆಗೆ ಬಂದೆವು. ಚೆನ್ನಯ್ಯನವರು ಸ್ನಾನ ಮಾಡಿ, ಚಪ್ಪಟೆಯಾದ ಒಂದು ಬಂಡೆಯ ಮೇಲೆ ಬಾಳೆಲೆ ಹಾಸಿ, ಅನ್ನ ಬಡಿಸಿ, ತಂದೆಗೆ ಪ್ರಿಯವಾಗಿದ್ದ ಬಂಗುಡೆಯ ತಲೆಯನ್ನು ಮೇಲಿಟ್ಟು, ಕೈಮುಗಿದು ಹಿಂದೆ ಸರಿದರು.

"ಕಾ, ಕಾ" ಎಂದು ಕರೆದರು.

ಕಾಡು ಸುಮ್ಮನಿತ್ತು. ರವಿರಾಜರು ಕೆಮ್ಮಿದರು.

"ಭಟ್ರೇ, ಅವ್ರಿಗೆ ಒಂದ್ ಮಾತ್ ಹೇಳಿ. ಇಲ್ಲ್ ಕಾಕಿ ಇಲ್ಲೆ."

"ಕಾಕಿ ಇಲ್ಲೆ ಅಂದ್ರೆ ಎಂತ ಅಂದೇಳಿ ಕೇಣಿ, ಭಟ್ರೇ."

"ಕಾಕಿ ಊರ ಹಕ್ಕಿ ಅಂದೇಳಿ. ನಾವ್ ಚೆಲ್ಲುದನ್ನ ತಿಂದ್ಕಂಡ್ ಬದ್ಕುದ್. ಕಾಡ್ ಕಾಕಿ ಅಂದೇಳಿ ಒಂದಿತ್ತ್, ಆದ್ರೆ ಅದೂ ರಸ್ತೆ ಬದಿಗೆ, ಜನ ಇದ್ದಲ್ಲೇ ಸುಳಿಯುದ್. ಇಷ್ಟ್ ಒಳ್ಗೆ ಬಪ್ಪುದ್ ಕಷ್ಟ."

"ಇದನ್ನ ಎಲೆ ಇಡುಕಿಂತ ಮುಂಚೆ ಹೇಳುಕೆ ಆತಿರ್ಲಿಲ್ಯಾ ಅಂದೇಳಿ ಕೇಣಿ."

"ಅವ್ರ್ ನನ್ನತ್ರ ಕೇಣ್ಲಿಲ್ಲೆ ಅಂದೇಳಿ."

ಒಮ್ಮೆ ಇಟ್ಟ ಎಲೆಯನ್ನು ಎತ್ತಿಕೊಂಡು ರಸ್ತೆಯ ಬದಿಗೆ ಹೋಗುವಂತಿಲ್ಲ. ಕರೆದು ಕೂರಿಸಿದವರ ಮುಂದಿನಿಂದ ತಟ್ಟೆ ಎಳೆದುಕೊಂಡಂತಾಗುತ್ತದೆ. ಆದುದರಿಂದ ನಾವು ಒಂದು ದೊಡ್ಡ ಬೇರಿನ ಮರೆಯಲ್ಲಿ ಕುಳಿತು ಕಾದೆವು. ಶ್ರೀಲತಾ ಚೀಲದಿಂದ ಬಿಸ್ಕತ್ತಿನ ಪೊಟ್ಟಣ ತೆಗೆದು, ಚೆನ್ನಯ್ಯನವರ ಮುಖ ನೋಡಿ, ಮತ್ತೆ ಚೀಲಕ್ಕೆ ಹಾಕಿದರು. ನನ್ನ ಅವಲಕ್ಕಿಗೆ ಯಾವ ಕಾಗೆಯ ಅಪ್ಪಣೆಯೂ ಬೇಕಿರಲಿಲ್ಲ. ಆದರೆ ಉಪವಾಸ ಕುಳಿತವರ ಎದುರಿನಲ್ಲಿ ಅದನ್ನು ಅಗಿಯುವ ಧೈರ್ಯ ನನಗಿರಲಿಲ್ಲ.

ಆ ದಿನ ಕಾಡಿನಲ್ಲಿ ಕಾಗೆಯ ಹೊರತು ಮಿಕ್ಕೆಲ್ಲವೂ ಬಂದವು. ನೆತ್ತಿಯ ಮೇಲೆ ಗಾಳಿಯನ್ನು ಗರಗಸದಿಂದ ಕೊಯ್ದಂಥ ಸದ್ದಾಗಿ ಮಂಗಟ್ಟೆ ಹಕ್ಕಿಗಳ ಜೋಡಿಯೊಂದು ಹಾದುಹೋಯಿತು. ಬೇರೆ ದಿನವಾಗಿದ್ದರೆ ಚೆನ್ನಯ್ಯನವರೇ ಎದ್ದು ಕುಣಿಯುತ್ತಿದ್ದರು. ಈಗ ಅವರು ತಲೆಯೆತ್ತಿ, "ಇದ್ ಬ್ಯಾಡ" ಎಂದರು. ಬೆಳ್ಳಿಯ ರಿಬ್ಬನ್ನಿನಂಥ ಬಾಲವನ್ನು ಎಳೆಯುತ್ತ ರಾಜಹಕ್ಕಿ ತೊರೆಯಲ್ಲಿ ಮುಳುಗಿ ಎದ್ದಿತು. "ಇದೂ ಬ್ಯಾಡ" ಎಂದರು. ರವಿರಾಜರು ಸದ್ದಾಗದಂತೆ ಬಾಯಿ ಮುಚ್ಚಿಕೊಂಡು ಸಂಕಟಪಡುತ್ತಿದ್ದರು.

"ಕಾ, ಕಾ" ಎಂದು ಚೆನ್ನಯ್ಯನವರು ಇನ್ನೊಮ್ಮೆ ಕರೆದರು.

"ಕಾ, ಕಾ" ಎಂದು ಮರದ ಮೇಲಿಂದ ಉತ್ತರ ಬಂತು.

ಚೆನ್ನಯ್ಯನವರ ಕಣ್ಣಲ್ಲಿ ನೀರು ತುಂಬಿತು. "ಅಪ್ಪಯ್ಯ" ಎಂದು ಎದ್ದು ನಿಂತರು. ಕೊಂಬೆಯ ತುದಿಯಲ್ಲಿ ಕರಿಯ ಹಕ್ಕಿಯೊಂದು, ಬಾಲಕ್ಕೆ ಎರಡು ಸೌಟುಗಳನ್ನು ಕಟ್ಟಿಕೊಂಡಂತೆ ಕುಳಿತು, ಮತ್ತೊಮ್ಮೆ ಕಾಗೆಯಂತೆ ಕೂಗಿ, ಆಮೇಲೆ ಬೆಕ್ಕಿನಂತೆ ಕೂಗಿ, ಹಾರಿಹೋಯಿತು.

"ಭೀಮರಾಜ," ಎಂದರು ರವಿರಾಜರು ನನ್ನ ಕಿವಿಯಲ್ಲಿ. "ಕೇಂಡದ್ದನ್ನೆಲ್ಲ ಅಣಕ್ ಮಾಡತ್ತ್. ಅವ್ರಿಗೆ ಮೆತ್ತಗೆ ಹೇಳಿ."

ಮೆತ್ತಗೆ ಹೇಳಿದೆ. ಚೆನ್ನಯ್ಯನವರು ಮೆತ್ತಗೆ ಕುಳಿತರು.

ಎಲೆಯನ್ನು ಕಾಗೆ ಮುಟ್ಟದಿದ್ದರೆ ಸತ್ತವರ ಮನಸ್ಸಿನಲ್ಲಿ ಏನೋ ಉಳಿದಿದೆಯೆಂದು ಅರ್ಥ. ಅದನ್ನು ನಡೆಸಿಕೊಡುವೆನೆಂದು ಮಕ್ಕಳು ಎಲೆಯ ಮುಂದೆ ಮಾತು ಕೊಟ್ಟರೆ ಕಾಗೆ ಬರುತ್ತದೆ. ನಮ್ಮ ಕರಾವಳಿಯಲ್ಲಿ ಇದನ್ನು ಅರಿಯದವರಿಲ್ಲ. ಚೆನ್ನಯ್ಯನವರು ಹೋಗಿ ಎಲೆಯ ಮುಂದೆ ನಿಂತರು.

"ಅಪ್ಪಯ್ಯ, ಬಾವಿಕಟ್ಟೆ ಒಡ್ದ್ ಹೋಯ್ತ್ ಅಂದೇಳಿ ನೀವ್ ದಿನಾ ಬೈತಿದ್ರಿ. ಈ ವರ್ಷ ಸರಿ ಮಾಡಿಸ್ತೆ."

ನಾವೆಲ್ಲ ಮೇಲೆ ನೋಡಿದೆವು. ಒಂದು ಎಲೆ ಉದುರಿತು.

"ನಿಮ್ಮ ಬೀಸುಬಲೆ ಬೇರೆಯವ್ರಿಗೆ ಕೊಟ್ಟದ್ದ್ ಹೌದ್. ವಾಪಸ್ ತತ್ತೆ."

ಏನೂ ಬರಲಿಲ್ಲ.

"ಸಿಗರೇಟ್ ಬಿಡ್ತೆ ಅನ್ನಿ ಚೆನ್ನಯ್ಯಣ್ಣ," ಎಂದರು ಶ್ರೀಲತಾ.

"ಎಂತ ಮಾತಾಡ್ತ್ರಿ ಶ್ರೀಲತಕ್ಕ. ನಂಗೆ ಕಲ್ಸಿದ್ದೇ ಅಪ್ಪಯ್ಯ. ಅವ್ರಿಗೆ ಬೇಜಾರಾತ್ತ್."

"ಹಾಂಗಾರೆ ಇನ್ನೊಂದ್ ಉಳ್ದಿತ್ತಲ್ಲ, ಅದನ್ನ ಹೇಳಿ." ಶ್ರೀಲತಾ ರವಿರಾಜರ ಕಡೆಗೆ ಕಣ್ಣು ಹಾಯಿಸಿದರು.

ಚೆನ್ನಯ್ಯನವರು ಆ ಕಡೆಗೆ ನೋಡಲಿಲ್ಲ. "ಅದ್ ಆತಿಲ್ಲೆ," ಎಂದು ಬಂದು ಕುಳಿತರು. ಅವರ ಹಣೆಯಲ್ಲಿ ಬೆವರು ಮೂಡಿತ್ತು.

"ಕಾಣಿ," ಎಂದರು ಶ್ರೀಲತಾ, ಈಗ ಆಸ್ಪತ್ರೆಯ ದನಿಯಲ್ಲಿ. "ಬೆಳಿಗ್ಗೆ ಶುಗರ್ ಮಾತ್ರೆ ನುಂಗಿ ಬಂದವ್ರ್ ನೀವ್. ಉಣ್ಣದೆ ಕೂಕಂಡ್ರೆ ಇಲ್ಲೇ ಬೀಳ್ತ್ರಿ. ನಿಮ್ಮನ್ನ ಎತ್ತುಕೆ ನಾಲ್ಕ್ ಜನ ಬೇಕ್, ನಾವಿಪ್ಪುದ್ ಮೂರ್. ಅದ್ರಲ್ಲ್ ಭಟ್ರ್ ಲೆಕ್ಕಕ್ಕಿಲ್ಲೆ."

"ಕಾಕಿ ಮುಟ್ಟದೆ ನಾನ್ ಮುಟ್ಟುದಿಲ್ಲೆ. ಅಪ್ಪಯ್ಯ ಹಸ್ಕಂಡ್ ಇಪ್ಪತಿಗೆ ನಾನ್ ಉಂಬುದಾ?" ಚೆನ್ನಯ್ಯನವರು ನನ್ನ ಕಡೆಗೆ ತಿರುಗಿದರು. "ಭಟ್ರೇ, ಶಾಸ್ತ್ರ ಎಂತ ಹೇಳತ್ತ್? ಬೇರೆ ಹಕ್ಕಿ ಮುಟ್ರೆ ಆತ್ತಾ?"

ಪ್ರಶ್ನೆ ಸಣ್ಣದಲ್ಲ. ಯಜ್ಞಕ್ಕೆ ಸೋಮಲತೆ ಸಿಕ್ಕದಿದ್ದರೆ ಪೂತೀಕವೆಂಬ ಬಳ್ಳಿಯನ್ನು ಬಳಸಬಹುದೆಂದು ಹಿರಿಯರು ಹೇಳಿದ್ದಾರೆ. ಅಂದರೆ ವಸ್ತುವಿಗೆ ಪ್ರತಿನಿಧಿ ಉಂಟು. ಆದರೆ ದೇವತೆಗೆ ಪ್ರತಿನಿಧಿಯಿಲ್ಲ. ಇಂದ್ರನಿಗೆ ಕೊಡಬೇಕಾದ್ದನ್ನು ಅವನು ಸಿಕ್ಕಲಿಲ್ಲವೆಂದು ವರುಣನಿಗೆ ಕೊಡುವಂತಿಲ್ಲ. ಹಾಗಾದರೆ ಕಾಗೆ ವಸ್ತುವೋ ದೇವತೆಯೋ? ಬಹಳ ಯೋಚಿಸಿ, ಉಣ್ಣುವವರು ಪಿತೃಗಳು, ಕಾಗೆ ಅವರಿಗೆ ಮುಟ್ಟಿಸುವ ಸೌಟು ಮಾತ್ರ ಎಂದು ತೀರ್ಮಾನಿಸಿದೆ. ಈ ತೀರ್ಮಾನದಲ್ಲಿ ನನ್ನ ಹಸಿವಿನ ಪಾಲು ಎಷ್ಟೆಂಬುದನ್ನು ನಾನು ವಿಚಾರಿಸಲು ಹೋಗಲಿಲ್ಲ.

"ಪ್ರತಿನಿಧಿ ಆಗಬಹುದು," ಎಂದೆ. "ಆದರೆ ಸಿಕ್ಕಿದ್ದೆಲ್ಲ ಆಗದು. ಕಾಗೆಗೆ ಹತ್ತಿರದ್ದಾಗಿರಬೇಕು, ಅದರ ಲಕ್ಷಣವಿರಬೇಕು. ಇನ್ನೊಂದು ವಿಷಯ. ಮಾಡುವ ಯಜಮಾನನಿಗೆ ಮಾತ್ರ ಪ್ರತಿನಿಧಿಯಿಲ್ಲ. ಅವನ ಕೆಲಸವನ್ನು ಅವನೇ ಮಾಡಬೇಕು."

"ಕೇಂಡ್ರಿಯಾ," ಎಂದರು ಶ್ರೀಲತಾ. "ಇನ್ನ್ ಮೇಲೆ ಭಟ್ರ ಬಾಯಲ್ಲ್ ಮಾತಾಡ್ಸುದ್ ಶಾಸ್ತ್ರಕ್ಕೂ ಸಲ್ಲ."

ಅಷ್ಟರಲ್ಲಿ ರವಿರಾಜರು ನನ್ನ ತೋಳನ್ನು ಹಿಡಿದರು. ಹಿಡಿದ ಬಿಗಿಗೆ ಮರುದಿನವೂ ನೋವಿತ್ತು.

ಭೀಮರಾಜ ಮತ್ತೆ ಬಂದಿತ್ತು. ಅದರ ಹಿಂದೆ, ಕೊಂಬೆಯಿಂದ ಕೊಂಬೆಗೆ ಇಳಿಯುತ್ತ, ಇನ್ನೊಂದು ಹಕ್ಕಿ. ಬಾಲ ಮೊಳದುದ್ದ. ಬೆನ್ನು ಕಾಡುಜೇನಿನ ಬಣ್ಣ. ರೆಕ್ಕೆ ಕಪ್ಪು. ತಲೆ ಅಚ್ಚ ಬಿಳುಪು, ಅದರ ಮುಂದೆ ಕಪ್ಪಗಿನ ಮುಖ. ರವಿರಾಜರು ಇಷ್ಟು ವರ್ಷ ಬರಿಯ ಬಾಲವನ್ನು ಕಂಡಿದ್ದ ಮಟಪಕ್ಷಿ ಈಗ ತನ್ನ ಮಿಕ್ಕ ಭಾಗವನ್ನೆಲ್ಲ ಕರೆದುಕೊಂಡು ಬಂದಿತ್ತು. ಅವರ ಕೈ ತಾನಾಗಿ ಕ್ಯಾಮೆರಾವನ್ನು ಕಣ್ಣಿಗೆ ಎತ್ತಿತು.

ಹಕ್ಕಿ ಬಂಡೆಯ ಮೇಲೆ ಕುಳಿತು ಎಲೆಯನ್ನು ಒಂದು ಕಣ್ಣಿನಿಂದ ನೋಡಿತು. ಕುತ್ತಿಗೆ ತಿರುಗಿಸಿ ಇನ್ನೊಂದು ಕಣ್ಣಿನಿಂದ ನೋಡಿತು.

ಚೆನ್ನಯ್ಯನವರು ಬೇರನ್ನು ಎರಡು ಕೈಯಿಂದ ಹಿಡಿದುಕೊಂಡಿದ್ದರು. ಸೂರಜ್ಜನ ತಲೆಯೂ ಹೀಗೆಯೇ ಹತ್ತಿಯಂತೆ ಬೆಳ್ಳಗಿತ್ತು. ಮುಖ ಕಡಲ ಬಿಸಿಲಿಗೆ ಕರ್ರಗಾಗಿತ್ತು. ಬಡಿಸಿದ ಮೀನನ್ನು ಅವರೂ ಮೊದಲು ಹೀಗೆಯೇ ಎರಡು ಕಡೆಯಿಂದ ಪರೀಕ್ಷಿಸುತ್ತಿದ್ದರು. ಆದರೆ ಅದು ಕಾಗೆಯೇ, ಕಾಗೆಗೆ ಹತ್ತಿರದ್ದೇ, ಏನೂ ಅಲ್ಲವೇ? ಬಲ್ಲವರು ಅಲ್ಲಿ ಒಬ್ಬರೇ ಇದ್ದರು. ನಾನು ಅವರ ಆಚೆಯ ಬದಿಯಲ್ಲಿದ್ದೆ. ನನ್ನನ್ನು ಕರೆದು, ನಾನು ಕೇಳಿ, ಉತ್ತರ ಹಿಂದಿರುಗಿ ಬರುವಷ್ಟು ಹೊತ್ತು ಹಕ್ಕಿ ಕೂರುವಂತೆ ಕಾಣಲಿಲ್ಲ.

"ಭಾವ," ಎಂದರು ಚೆನ್ನಯ್ಯನವರು ಪಿಸುದನಿಯಲ್ಲಿ. "ಇದ್ ಎಂತ ಹಕ್ಕಿ?"

ರವಿರಾಜರು ತಿರುಗಿ ನೋಡಲಿಲ್ಲ. ಅವರ ಬೆರಳು ಕ್ಯಾಮೆರಾದ ಗುಂಡಿಯ ಮೇಲಿತ್ತು.

"ಕಾಕಿ ಸಂಬಂಧವೇ ಭಾವ. ಒಂದೇ ಕುಟುಂಬ."

"ಖರೆ?"

"ಪುಸ್ತಕದಲ್ಲೂ ಹಾಂಗೇ ಇತ್ತ್. ಸುಮ್ನಿರಿ ಈಗ."

ಹಾಗೆಂದು ಅವರು ಕ್ಯಾಮೆರಾವನ್ನು ಕಣ್ಣಿನಿಂದ ಇಳಿಸಿದರು. ಇಳಿಸಿ ತೊಡೆಯ ಮೇಲಿಟ್ಟು, ಅದರ ಪಟ್ಟಿಯ ಕೊಂಡಿ ಎಲ್ಲಿ ಟಣ್ಣೆನ್ನುವುದೋ ಎಂದು ಅದನ್ನೂ ಮುಷ್ಟಿಯಲ್ಲಿ ಮುಚ್ಚಿಕೊಂಡರು.

ಹಕ್ಕಿ ಎರಡು ಹೆಜ್ಜೆ ಕುಪ್ಪಳಿಸಿತು. ಅನ್ನಕ್ಕೆ ಕೊಕ್ಕು ಹಾಕಿತು, ಇನ್ನೊಮ್ಮೆ ಹಾಕಿತು. ಆಮೇಲೆ ಬಂಗುಡೆಯ ತಲೆಯನ್ನು ಕಚ್ಚಿಕೊಂಡು, ನಮ್ಮ ಕಡೆ ಬಾಲ ತಿರುಗಿಸಿ, ಕಾಡಿನೊಳಕ್ಕೆ ಹಾರಿಹೋಯಿತು.

ಚೆನ್ನಯ್ಯನವರು ಮೂಗು ಒರೆಸಿಕೊಂಡು, "ಎಂತಕೆ ಫೋಟೋ ತೆಗಿಲಿಲ್ಲೆ ನೀವ್?" ಎಂದರು.

"ಉಂಬವ್ರ ಮುಖಕ್ಕೆ ಕ್ಯಾಮೆರಾ ಹಿಡೂಕಾಗ ಅಂದವ್ರ್ ನೀವೇ ಅಲ್ದಾ?"

"ಅದ್ ಆ ದಿನ ಹೇಳದ್ದ್ ಮಾರಾಯ್ರೆ. ದಿನಾ ಹೇಳಿದ್ನಾ?"

"ಮತ್ತೆ ದಿನಾ ಹೇಳುಕೆ ನೀವ್ ನನ್ನತ್ರ ಮಾತಾಡದ್ದ್ ಎಲ್ಲಿ?"

ಜಗಳ ಮತ್ತೆ ಹತ್ತಿಕೊಳ್ಳುವುದೆಂದು ನಾನು ಎದ್ದು ನಿಂತೆ. ಶ್ರೀಲತಾ ನನ್ನ ಪಂಚೆಯ ಅಂಚನ್ನು ಹಿಡಿದೆಳೆದು ಕೂರಿಸಿದರು. "ಬಿಡಿ ಭಟ್ರೇ. ಆಡ್ಕಣ್ಲಿ," ಎಂದು ಕ್ಯಾರಿಯರಿನ ಮುಚ್ಚಳ ತೆಗೆದು, ಮೊದಲು ಚೆನ್ನಯ್ಯನವರಿಗೆ ಬಡಿಸಿದರು.

ಉಂಡು ಕೈತೊಳೆದ ಮೇಲೆ ಹೊರಡಬೇಕಿತ್ತು. ಚೆನ್ನಯ್ಯನವರು ಏಳಲಿಲ್ಲ. ಉಳಿದ ಅನ್ನವನ್ನೂ ತಮ್ಮ ಪಾಲಿನಿಂದ ಎತ್ತಿಟ್ಟಿದ್ದ ಒಂದು ಮೀನನ್ನೂ ಬಂಡೆಯ ಮೇಲಿಟ್ಟು, "ಭಾವ, ನೀವ್ ಕ್ಯಾಮೆರಾ ಹಿಡ್ಕಣಿ. ನಾನ್ ಕರೀತೆ," ಎಂದರು. "ಅಪ್ಪಯ್ಯ, ಒಂದ್ ಸಲ ಬನ್ನಿ. ಭಾವ ಒಂದೇ ಫೋಟೋ ತೆಗಿತ್ರ್ ಅಂಬ್ರ್. ಸದ್ದ್ ಮಾಡುದಿಲ್ಲೆ. ಕಾ, ಕಾ."

ನೆರಳು ಉದ್ದವಾಗುವವರೆಗೂ ಕರೆದರು. ಭೀಮರಾಜ ಮಾತ್ರ ಅವರನ್ನು ಚೆನ್ನಾಗಿ ಅಣಕಿಸಿತು.

"ಬಪ್ಪುದಿಲ್ಲೆ," ಎಂದು ಕೊನೆಗೆ ಚೆನ್ನಯ್ಯನವರೇ ಕೈಚೆಲ್ಲಿದರು. "ಅಪ್ಪಯ್ಯಂಗೆ ಮೊದ್ಲಿಂದ್ಲೂ ಫೋಟೋ ಅಂದ್ರೆ ಆಗ. ಗೋಡೆಗೆ ಹಾಕದ್ದ್ ಕೂಡ ವೋಟಿನ ಕಾರ್ಡಿಂದ ದೊಡ್ಡ ಮಾಡ್ಸಿದ್ದ್. ನೆನಪಿತ್ತಾ ಭಾವ?"

"ನೆನಪಿತ್ತ್. ಮಾಡ್ಸದ್ದ್ ನಾನೇ ಅಲ್ದಾ," ಎಂದರು ರವಿರಾಜರು.

ಹಿಂದಿರುಗುವಾಗ ಯಡ್ತರೆಯ ಹತ್ತಿರ ಚಹಾ ಕುಡಿಯಲು ನಿಂತೆವು. ಅಂಗಡಿಯ ಮಾಡಿನ ಮೇಲೆ, ವಿದ್ಯುತ್ ತಂತಿಯ ಮೇಲೆ, ತೊಳೆಯಲು ಇಟ್ಟ ತಟ್ಟೆಗಳ ಮೇಲೆ, ಎಲ್ಲಿ ನೋಡಿದರೂ ಕಾಗೆಗಳು. ಒಂದು ಕಾಗೆ ನೇರವಾಗಿ ಇಳಿದು ಚೆನ್ನಯ್ಯನವರ ಕೈಯಲ್ಲಿದ್ದ ಗೋಳಿಬಜೆಯನ್ನೇ ಕಿತ್ತುಕೊಂಡು ಹೋಯಿತು.

"ಈಗ ಬತ್ತ್ ಕಾಣಿ, ಕೆಲ್ಸ ಮುಗ್ದ ಮೇಲೆ," ಎಂದು ಅವರು ಅದನ್ನು ಬೈದರು.

ಅಲ್ಲಿ ಫೋನಿಗೆ ಸಿಗ್ನಲ್ ಬಂತು. ಬಂದ ಕೂಡಲೇ ಸುಗುಣಳ ಕರೆಯೂ ಬಂತು. ಅವಳ ದನಿ ಪಕ್ಕದ ಬೆಂಚಿಗೂ ಕೇಳುವಂಥದ್ದು.

"ಹ್ವಾಯ್, ಎಷ್ಟ್ ಸಲ ಫೋನ್ ಮಾಡುದ್? ಕಾಕಿ ಬಂತಾ?"

"ಕಾಕಿ ಬರ್ಲಿಲ್ಲೆ," ಎಂದರು ಚೆನ್ನಯ್ಯನವರು. "ಕಾಕಿಯ ಭಾವ ಬಂದಿತ್ತ್."

"ಎಂತ ಹೇಳ್ತ್ರಿ ನೀವ್? ಉಂಡಿರ್ಯಾ ಇಲ್ಯಾ? ತಲೆ ತಿರ್ಗತ್ತಾ?"

"ಉಂಡೆ, ಉಂಡೆ. ಅಪ್ಪಯ್ಯನೂ ಉಂಡ್ರ್. ನಂಗೆ ಹೇಳುಕೆ ಬಪ್ಪುದಿಲ್ಲೆ, ತಡಿ, ಭಾವನ ಹತ್ರ ಕೊಡ್ತೆ."

ಅವರು ಫೋನನ್ನು ಚಾಚಿದರು. ಅಭ್ಯಾಸಬಲದಿಂದ ನಾನು ನಡುವೆ ಕೈಯೊಡ್ಡಿದೆ. ಫೋನು ನನ್ನ ಕೈಯ ಮೇಲಿಂದ ಹಾದು ನೇರವಾಗಿ ರವಿರಾಜರ ಕೈ ಸೇರಿತು. ಕುಂದಾಪುರ ಮುಟ್ಟುವವರೆಗೂ ಮುಂದಿನ ಸೀಟಿನ ಇಬ್ಬರೂ ಯಾವ ದಾರಿ ಹತ್ತಿರವೆಂದು ವಾದಿಸುತ್ತಲೇ ಇದ್ದರು; ಹಿಂದಿನ ಸೀಟಿನಲ್ಲಿ ಕೆಲಸವಿಲ್ಲದವನಾಗಿ ನಾನು ಉಳಿದ ಅವಲಕ್ಕಿ ತಿಂದೆ.